ಸಿಪಾಯಿಯಾಗಿ ಸೇರಿ ಮೂರು ವರ್ಷಕ್ಕೆ ಬೆಟಾಲಿಯನ್ ಕಮಾಂಡರ್: ಕೆನಡಾದ ಜಾರ್ಜ್ ಪರ್ಕ್ಸ್

ಹಳೇಪುಟ

ಮೊದಲ ಮಹಾಯುದ್ಧದ ಕಾಲ. 1915ರ ಶುರುವಿನಲ್ಲಿ ಸಾದಾ ಸಿಪಾಯಿ. 1918ರ ಶುರುವಿನಲ್ಲಿ ಲೆಫ್ಟಿನೆಂಟ್ ಕರ್ನಲ್, ಇಡೀ ಒಂದು ಬೆಟಾಲಿಯನ್, ಅಂದರೆ ಸಾವಿರದಷ್ಟು ಜನರ ದಳ, ಇವನ ಕೈಯಲ್ಲಿ. ಆಗ ವಯಸ್ಸು ಮೂವತ್ತರ ಆಸುಪಾಸು. ಶಾಂತಿ ಕಾಲದಲ್ಲಾಗಿದ್ದರೆ ಇಷ್ಟು ದೂರ ಬರೋಕೆ ಇಪ್ಪತ್ತು ವರ್ಷವೂ ಸಾಲದು.

ಜಾರ್ಜ್ ಪರ್ಕ್ಸ್ ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನ ವಾಟ್‌ಫರ್ಡ್‌ನಲ್ಲಿ. 1906ರಲ್ಲಿ ಕೆನಡಾದ ಆಲ್ಬರ್ಟಾಕ್ಕೆ ಬಂದ. ಅವನು ಓದಿದ ಬರ್ಕಮ್‌ಸ್ಟೆಡ್ ಶಾಲೆಯದ್ದೇ ಒಂದು ಫಾರ್ಮ್ ರೆಡ್ ಡಿಯರ್ ಹತ್ತಿರ ಇತ್ತು. ಅಲ್ಲಿ ಬೇಸಾಯ ಕಲಿತು, ಆಮೇಲೆ ಸ್ವಂತ ಜಮೀನು ಹಿಡಿದ. 1911ರಲ್ಲಿ ರಾಯಲ್ ನಾರ್ತ್ ವೆಸ್ಟ್ ಮೌಂಟೆಡ್ ಪೊಲೀಸ್ ಸೇರಿದ. ಯುಕಾನ್‌ನ ಚಳಿಯಲ್ಲಿ ಪೊಲೀಸ್ ಕೆಲಸ. ಯುದ್ಧ ಶುರುವಾದ ಮೇಲೆ ಅದನ್ನು ಬಿಟ್ಟು 1915ರಲ್ಲಿ 2ನೇ ಕೆನಡಿಯನ್ ಮೌಂಟೆಡ್ ರೈಫಲ್ಸ್‌ಗೆ ಸಿಪಾಯಿಯಾಗಿ ಸೇರಿದ.

ಕಾರ್ಪೊರಲ್ ಆದ, ಸಾರ್ಜೆಂಟ್ ಆದ. 1916ರಲ್ಲಿ ರಣರಂಗದಲ್ಲೇ ಅಧಿಕಾರಿ ಪದವಿ ಸಿಕ್ಕಿತು. ಅದೇ ವರ್ಷ 5ನೇ ಮೌಂಟೆಡ್ ರೈಫಲ್ಸ್‌ಗೆ ಬಾಂಬಿಂಗ್ ಆಫೀಸರ್ ಆಗಿ ಹೋದ. ಕೈಬಾಂಬ್ ಎಸೆಯುವ ತಂಡಗಳನ್ನು ಪಳಗಿಸಿ ಮುಂದೆ ನಡೆಸೋ ಕೆಲಸ ಅದು. 1917ರ ಅಕ್ಟೋಬರ್ ಹೊತ್ತಿಗೆ ಮೇಜರ್ ಆಗಿ ಕಂಪನಿ ನಡೆಸುತ್ತಿದ್ದ.

ಅಕ್ಟೋಬರ್ 30ರಂದು ಬೆಲ್ಜಿಯಂನ ಪ್ಯಾಶೆಂಡೇಲ್ ದಾಳಿ. ಮುನ್ನುಗ್ಗುವ ಸ್ವಲ್ಪ ಮೊದಲೇ ಎಡತೊಡೆಗೆ ಪೆಟ್ಟು ಬಿತ್ತು. ಹಿಂದಕ್ಕೆ ಹೋಗಲಿಲ್ಲ. ಎಡಗಡೆಯ ಬೆಟಾಲಿಯನ್ ಹಿಡಿಯಬೇಕಿದ್ದ ಒಂದು ಭದ್ರ ನೆಲೆ ಹಾಗೇ ಉಳಿದುಬಿಟ್ಟಿತ್ತು. ಅಲ್ಲಿಂದ ಇವರ ಮೇಲೆ ಗುಂಡು ಬರುತ್ತಿತ್ತು. ಅದು ತನಗೆ ಕೊಟ್ಟ ಗುರಿ ಅಲ್ಲದಿದ್ದರೂ ಪರ್ಕ್ಸ್ ಅದನ್ನೂ ಹಿಡಿದ. ಆಮೇಲೆ ವೇಪರ್ ಫಾರ್ಮ್ ಅನ್ನೋ ಜಾಗದಲ್ಲಿ ನೆಲೆಯೂರಿದ. ಎಡಕ್ಕೂ ಯಾರಿಲ್ಲ, ಬಲಕ್ಕೂ ಯಾರಿಲ್ಲ. ಜರ್ಮನ್ನರು ಮತ್ತೆ ಮತ್ತೆ ಮೇಲೆ ಬಿದ್ದರು. ಒಂದು ಹಂತದಲ್ಲಿ ಅವನು ಹಿಂದಕ್ಕೆ ಕಳಿಸಿದ ವರದಿಯ ಪ್ರಕಾರ ಉಳಿದಿದ್ದವರು ಇಪ್ಪತ್ತು ಜನ. ಎಲ್ಲರೂ ಸುಸ್ತಾಗಿದ್ದಾರೆ, ಮದ್ದುಗುಂಡು ಮುಗಿಯುತ್ತಿದೆ, ಬದಲಿ ಜನ ಬಾರದಿದ್ದರೆ ಜಾಸ್ತಿ ಹೊತ್ತು ತಡೆಯೋದು ಕಷ್ಟ ಅಂತ ಬರೆದಿದ್ದ. ಆದರೂ ತಡೆದ. ಬ್ರಿಟಿಷ್ ಸಾಮ್ರಾಜ್ಯದ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂದಿದ್ದು ಇದಕ್ಕೆ.

ನನ್ನ ಪ್ರಶ್ನೆ ಇಷ್ಟೇ. ಇಷ್ಟು ಬೇಗ ಮೇಲೆ ಬಂದಿದ್ದು ಧೈರ್ಯಕ್ಕಾ, ಅದೃಷ್ಟಕ್ಕಾ, ಅಥವಾ ಮೇಲಿದ್ದವರೆಲ್ಲ ಸತ್ತಿದ್ದಕ್ಕಾ?

ಪ್ರಶ್ನೆಪತ್ರಿಕೆ

ಮೌಂಟೆಡ್ ರೈಫಲ್ಸ್ ಅಂದ್ರೆ ಕುದುರೆ ಮೇಲಿನವರು ಅಲ್ವಾ? ಶೀರ್ಷಿಕೆಯಲ್ಲಿ ಬೆಟಾಲಿಯನ್ ಅಂತ ನೋಡಿ ಇನ್‌ಫೆಂಟ್ರಿ, ಅಂದ್ರೆ ಕಾಲಾಳು ಪಡೆ, ಅಂದ್ಕೊಂಡು ಬಂದೆ.

ಮಂಗಳೂರು ಮೇಲ್

ಹೆಸರಲ್ಲಿ ಮಾತ್ರ ಕುದುರೆ ಮಾರಾಯ್ರೆ. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಮುಳ್ಳುತಂತಿ, ಕಂದಕ, ಮೆಷಿನ್ ಗನ್. ಅಲ್ಲಿ ಕುದುರೆ ಇಟ್ಕೊಂಡು ಏನು ಮಾಡೋದು? ಕುದುರೆ ಇಲ್ಲದೆಯೇ ಕಂದಕಕ್ಕೆ ಬಂದರು. 1916ರ ಜನವರಿಯಲ್ಲಿ ಈ ದಳಗಳನ್ನೇ ಕಾಲಾಳು ಬೆಟಾಲಿಯನ್‌ಗಳಾಗಿ ಬದಲಾಯಿಸಿದರು. 1, 2, 4, 5 ಈ ನಾಲ್ಕು ಸೇರಿ 8ನೇ ಬ್ರಿಗೇಡ್ ಆಯಿತು. ಹಳೇ ಹೆಸರು ಮಾತ್ರ ಬಿಡಲಿಲ್ಲ.

ಹಳೇಪುಟ ಅವರ ಪ್ರಶ್ನೆಗೆ ನನ್ನ ಉತ್ತರ ನೇರ. ಸತ್ತಿದ್ದಕ್ಕೆ. ಅದೇ 8ನೇ ಬ್ರಿಗೇಡಿನ ಲೆಕ್ಕ ನೋಡಿ. 1916ರ ಜೂನ್ 2ರಂದು ಬೆಲ್ಜಿಯಂನ ಈಪ್ರ್ ಹತ್ತಿರ ಮೌಂಟ್ ಸೊರೆಲ್‌ನಲ್ಲಿ ಜರ್ಮನ್ನರ ದಾಳಿ. 4ನೇ ಮೌಂಟೆಡ್ ರೈಫಲ್ಸ್‌ನ 702 ಜನ ಅಲ್ಲಿದ್ದರು. ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ 626. ಇಡೀ 3ನೇ ಡಿವಿಷನ್ನಿನ ಕಮಾಂಡರ್ ಮೇಜರ್ ಜನರಲ್ ಮರ್ಸರ್ ಅದೇ ದಿನ ಶೆಲ್ ದಾಳಿಗೆ ಸಿಕ್ಕಿ, ಆಮೇಲೆ ಸತ್ತರು. ಜನರಲ್‌ಗಳೇ ಸಾಯುವ ಕಡೆ ಕ್ಯಾಪ್ಟನ್, ಲೆಫ್ಟಿನೆಂಟ್‌ಗಳ ಕುರ್ಚಿ ಎಷ್ಟು ದಿನ ತುಂಬಿರುತ್ತೆ?

ಕೆನಡಾದ ಒಟ್ಟು ಜನಸಂಖ್ಯೆ ಆಗ 80 ಲಕ್ಷದ ಒಳಗೆ. ಆರು ಲಕ್ಷಕ್ಕೂ ಜಾಸ್ತಿ ಜನ ಸೇನೆ ಸೇರಿದರು. ಸತ್ತವರು 60 ಸಾವಿರಕ್ಕೂ ಹೆಚ್ಚು. ಪ್ಯಾಶೆಂಡೇಲ್ ಒಂದರಲ್ಲೇ ಸತ್ತವರು, ಗಾಯಗೊಂಡವರು ಸೇರಿ 15,600ರ ಮೇಲೆ. ಬಡ್ತಿ ಬೇಗ ಬರದೆ ಇನ್ನೇನು?

ಬೆಳಗಾವಿ ಹವಾಲ್ದಾರ್

ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದು ನಿವೃತ್ತನಾದವನು. ಮೇಲ್ ಅವರ ಲೆಕ್ಕ ಸರಿ ಇದೆ, ಆದರೆ ತೀರ್ಮಾನ ಒಪ್ಪಲಾರೆ.

ಕುರ್ಚಿ ಖಾಲಿ ಆದರೆ ಅದು ಬದುಕಿ ಉಳಿದ ಎಲ್ಲರಿಗೂ ಖಾಲಿ ಆದ ಹಾಗೆ. ಉಳಿದವರಲ್ಲಿ ಯಾರನ್ನು ಕೂರಿಸಬೇಕು ಅನ್ನೋದೇ ಕಷ್ಟದ ಪ್ರಶ್ನೆ. 1914ರಲ್ಲಿ ಕೆನಡಾ ಸೇನೆಯಲ್ಲಿ ಈ ಆಯ್ಕೆ ಚೆನ್ನಾಗಿರಲಿಲ್ಲ. ಸ್ಯಾಮ್ ಹ್ಯೂಸ್ ಅಂತ ಒಬ್ಬ ಮಂತ್ರಿ ಇದ್ದ. ವಾಲ್ಕಾರ್ಟಿಯರ್ ಕ್ಯಾಂಪಿನಲ್ಲಿ ತನ್ನ ಪಕ್ಷದವರಿಗೆ, ಪರಿಚಯದವರಿಗೆ ಕೈಗೆ ಬಂದ ಹಾಗೆ ಪದವಿ ಹಂಚಿದ. ಎರಡು ವರ್ಷದ ಕಂದಕ ಯುದ್ಧ ಅಂಥವರನ್ನು ಜರಡಿ ಹಿಡಿಯಿತು. 1916ರ ಕೊನೆಗೆ ಹ್ಯೂಸ್ ಮಂತ್ರಿಗಿರಿಯನ್ನೇ ಕಳೆದುಕೊಂಡ. ಆಮೇಲೆ ಕೆಳಗಿನಿಂದ ಬಂದವರಿಗೆ ಜಾಗ ಸಿಕ್ಕಿತು. ಇಂಗ್ಲೆಂಡಿನ ಬೆಕ್ಸ್‌ಹಿಲ್‌ನಲ್ಲಿ ಕೆನಡಿಯನ್ನರಿಗೆ ಅಂತಲೇ ತರಬೇತಿ ಶಾಲೆ ಇತ್ತು. ರೈಫಲ್ ಹಿಡಿದು ಕಂದಕದಲ್ಲಿ ನಿಂತಿದ್ದ ಹುಡುಗರು ಅಲ್ಲಿಗೆ ಹೋಗಿ ಅಧಿಕಾರಿಗಳಾಗಿ ವಾಪಸ್ ಬರುತ್ತಿದ್ದರು.

ಇನ್ನೊಂದು ವಿಷಯ. 1917ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ವಿಮಿ ಗುಡ್ಡ ಹಿಡಿಯುವ ಮೊದಲು 40,000 ನಕ್ಷೆ ಹಂಚಿದರು. ಅದೂ ಬರೀ ಆಫೀಸರ್‌ಗಳಿಗಲ್ಲ, ಸೆಕ್ಷನ್ ಅನ್ನೋ ಚಿಕ್ಕ ತಂಡ ನಡೆಸುವ ಕಾರ್ಪೊರಲ್‌ಗಳ ತನಕ. ಹಿಂದೆ ಬಯಲಿನಲ್ಲಿ ಟೇಪು ಕಟ್ಟಿ ಜರ್ಮನ್ ಕಂದಕಗಳ ಗುರುತು ಮಾಡಿ, ಅದರ ಮೇಲೆ ದಿನಗಟ್ಟಲೆ ನಡೆಸಿದರು. ಪ್ಲಟೂನನ್ನು (ಕಂಪನಿಯೊಳಗಿನ ಒಂದು ತುಕಡಿ) ರೈಫಲ್, ಲೂಯಿಸ್ ಗನ್ (ಹಗುರ ಮೆಷಿನ್ ಗನ್), ಕೈಬಾಂಬ್, ರೈಫಲ್ ಗ್ರನೇಡ್ ಅಂತ ಸೆಕ್ಷನ್‌ಗಳಾಗಿ ವಿಂಗಡಿಸಿದ್ದರು. ಆಫೀಸರ್ ಬಿದ್ದರೆ ಸಾರ್ಜೆಂಟ್, ಸಾರ್ಜೆಂಟ್ ಬಿದ್ದರೆ ಕಾರ್ಪೊರಲ್, ಅವನೂ ಬಿದ್ದರೆ ಸಿಪಾಯಿ. ಯಾರೂ ಆದೇಶಕ್ಕೆ ಕಾದು ಕೂರಬಾರದು. ಹೀಗೆ ಕಲಿಸಿದ ಸೇನೆಯಲ್ಲಿ ಬಡ್ತಿ ಬರುವ ಮೊದಲೇ ಮೇಲಿನವನ ಕೆಲಸ ಗೊತ್ತಿರುತ್ತೆ.

ಬಡ್ತಿ ಅಂದರೆ ಸುಮ್ನೆ ತೋಳಿಗೆ ಪಟ್ಟಿ ಹೊಲಿಸಿಕೊಂಡ ಹಾಗಲ್ಲ. ನಿನ್ನೆ ತನಕ ಜೊತೆಗೆ ಬೀಡಿ ಸೇದಿದವನನ್ನು ಇವತ್ತು ರಾತ್ರಿ ಪಹರೆಗೆ ಹಾಕಬೇಕು. ಅವನ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತು. ಶಾಂತಿ ಕಾಲದಲ್ಲೇ ಅದು ಕಷ್ಟ. ಪರ್ಕ್ಸ್ ಅವರನ್ನು ಆಫೀಸರ್ ಮಾಡಿದ ಮೇಲೆ ಬೇರೆ ಬೆಟಾಲಿಯನ್ನಿಗೆ ಕಳಿಸಿದ್ದು ಒಳ್ಳೇದೇ ಆಯಿತು ಅನ್ನೋದು ನನ್ನ ಅನಿಸಿಕೆ.

ಗದಗ ಟೀಚರ್

ಹವಾಲ್ದಾರ್ ಸರ್, ನಿಮ್ಮ ಮಾತಿಗೆ ಇನ್ನೊಬ್ಬನ ಕಥೆ ಸೇರಿಸುತ್ತೇನೆ. ನನ್ನ ಲೆಕ್ಕದಲ್ಲಿ ಪರ್ಕ್ಸ್‌ಗಿಂತ ಇವನೇ ಒಳ್ಳೆಯ ಉದಾಹರಣೆ.

ರಾಬರ್ಟ್ ಶಾಂಕ್‌ಲಂಡ್. ಸ್ಕಾಟ್ಲೆಂಡಿನ ಏರ್ ಊರಿನವನು. ಕೆನಡಾದ ವಿನಿಪೆಗ್‌ಗೆ ಬಂದು ಒಂದು ಡೈರಿ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದ. 1914ರ ಕೊನೆಯಲ್ಲಿ 43ನೇ ಬೆಟಾಲಿಯನ್ನಿಗೆ, ಅಂದರೆ ಕ್ಯಾಮರೂನ್ ಹೈಲ್ಯಾಂಡರ್ಸ್‌ಗೆ ಸಿಪಾಯಿಯಾಗಿ ಸೇರಿದ. ಇಲ್ಲಿ ಕುದುರೆಯ ಗೊಂದಲ ಇಲ್ಲ, ಮೊದಲಿಂದ ಕಾಲಾಳೇ. 1916ರ ಜೂನ್‌ನಲ್ಲಿ ಸಾರ್ಜೆಂಟ್ ಆಗಿದ್ದಾಗ ಶೆಲ್‌ಗಳ ಮಧ್ಯೆ ಸ್ಟ್ರೆಚರ್ ಹೊರುವವರನ್ನು ಕರೆದುಕೊಂಡು ಹೋಗಿ ಗಾಯಾಳುಗಳನ್ನು ಹೊರತಂದ. ಅದಕ್ಕೆ ಡಿಸ್ಟಿಂಗ್ವಿಶ್ಡ್ ಕಾಂಡಕ್ಟ್ ಮೆಡಲ್. ಆಮೇಲೆ ಅಧಿಕಾರಿ ಪದವಿ, ಅದೂ ಅದೇ ಬೆಟಾಲಿಯನ್ನಿನಲ್ಲಿ. ಸರ್ ಹೇಳಿದ ಆ ಮುಖಗಳನ್ನು ಇವನು ದಿನಾ ನೋಡಿರಬೇಕು!

1917ರ ಅಕ್ಟೋಬರ್ 26, ಪ್ಯಾಶೆಂಡೇಲ್‌ನ ಬೆಲ್‌ವ್ಯೂ ಏರು. ಲೆಫ್ಟಿನೆಂಟ್ ಶಾಂಕ್‌ಲಂಡ್ ತನ್ನ ಪ್ಲಟೂನಿನಲ್ಲಿ ಉಳಿದವರನ್ನೂ ಬೇರೆ ಕಂಪನಿಗಳ ಚದುರಿದವರನ್ನೂ ಒಟ್ಟು ಮಾಡಿ ದಿಬ್ಬ ಹಿಡಿದು ನಿಂತ. ಎದುರು ದಾಳಿಯನ್ನು ಚದುರಿಸಿದ. ಆಮೇಲೆ ಮಾಡಿದ್ದೇ ನನಗೆ ಮುಖ್ಯ. ಅವನು ತಾನೇ ಬೆಟಾಲಿಯನ್ ಕೇಂದ್ರಕ್ಕೆ ಹೋಗಿ, ಇಡೀ ಬ್ರಿಗೇಡಿನ ಮುಂದಿನ ಸಾಲು ಎಲ್ಲೆಲ್ಲಿದೆ ಅಂತ ನಿಖರವಾಗಿ ಹೇಳಿದ. ಹೇಳಿ ವಾಪಸ್ ತನ್ನ ಜನರ ಹತ್ತಿರ ಬಂದು ನಿಂತ.

ಈಗ ಇಬ್ಬರ ವಿಕ್ಟೋರಿಯಾ ಕ್ರಾಸ್ ಪ್ರಶಸ್ತಿ ಬರಹ ಪಕ್ಕಪಕ್ಕ ಇಟ್ಟು ಓದಿ. ಶಾಂಕ್‌ಲಂಡ್‌ನ ವರದಿ ನಿಖರವಾಗಿತ್ತು ಅಂತ ಬರೆದಿದ್ದಾರೆ. ಪರ್ಕ್ಸ್ ಕಳಿಸಿದ ವರದಿಗಳು ಕಮಾಂಡಿಂಗ್ ಆಫೀಸರ್‌ಗೆ ಬಹಳ ಉಪಯೋಗಕ್ಕೆ ಬಂದವು ಅಂತಲೂ ಬರೆದಿದ್ದಾರೆ. ಎಷ್ಟು ಜನರನ್ನು ಕೊಂದರು ಅನ್ನೋ ಲೆಕ್ಕ ಎರಡರಲ್ಲೂ ಇಲ್ಲ. ಪ್ಯಾಶೆಂಡೇಲ್‌ನ ಕೆಸರಿನಲ್ಲಿ ಟೆಲಿಫೋನ್ ತಂತಿ ತುಂಡಾಗುತ್ತಿತ್ತು. ಓಡುವ ಹುಡುಗರು ಸಾಯುತ್ತಿದ್ದರು. ಪಾರಿವಾಳವೇ ಗತಿ. ಮುಂದೆ ಏನಾಗ್ತಿದೆ ಅಂತ ಹಿಂದಿದ್ದ ಕರ್ನಲ್‌ಗೆ ಗೊತ್ತೇ ಆಗ್ತಿರಲಿಲ್ಲ. ಆ ಹೊತ್ತಿನಲ್ಲಿ ತಲೆ ಕೆಡಿಸಿಕೊಳ್ಳದೆ "ನಾವು ಇಲ್ಲಿದ್ದೇವೆ, ಇಷ್ಟು ಜನ ಇದ್ದೇವೆ, ಇದು ಬೇಕು" ಅಂತ ಹೇಳಬಲ್ಲವನೇ ಬೆಲೆಯುಳ್ಳವನು. ಒಬ್ಬ ಲೆಕ್ಕ ಬರೆಯುವವನು, ಇನ್ನೊಬ್ಬ ಯುಕಾನ್‌ನಲ್ಲಿ ಪೊಲೀಸ್. ಇಬ್ಬರಿಗೂ ನೋಡಿದ್ದನ್ನು ನೋಡಿದ ಹಾಗೆ ಬರೆಯೋದು ಮೊದಲೇ ಅಭ್ಯಾಸ ಇತ್ತು ಅಂತ ನನ್ನ ಊಹೆ.

ಅಂದ ಹಾಗೆ ಶಾಂಕ್‌ಲಂಡ್ ಇದ್ದ ವಿನಿಪೆಗ್‌ನ ಪೈನ್ ಸ್ಟ್ರೀಟ್‌ನಲ್ಲೇ ಇನ್ನೂ ಇಬ್ಬರು ವಿಕ್ಟೋರಿಯಾ ಕ್ರಾಸ್ ಪಡೆದವರು ಇದ್ದರು, ಲಿಯೋ ಕ್ಲಾರ್ಕ್ ಮತ್ತು ಫ್ರೆಡರಿಕ್ ಹಾಲ್. ಒಂದೇ ಬೀದಿಯವರು. ಆ ಇಬ್ಬರೂ ಯುದ್ಧದಿಂದ ವಾಪಸ್ ಬರಲಿಲ್ಲ. ಆ ಬೀದಿಗೆ ಈಗ ವೇಲರ್ ರೋಡ್ ಅಂತ ಹೆಸರು.

ಪ್ರಶ್ನೆಪತ್ರಿಕೆ

ಟೀಚರ್, ಇದು ಚೆನ್ನಾಗಿದೆ. ಬಡ್ತಿ ಸಿಕ್ಕರೆ ಸಂಬಳ ಎಷ್ಟು ಜಾಸ್ತಿ ಆಗ್ತಿತ್ತು? ಯಾರೂ ಅದನ್ನು ಹೇಳ್ತಿಲ್ಲ.

ಮಂಗಳೂರು ಮೇಲ್

ಸಿಪಾಯಿಗೆ ದಿನಕ್ಕೆ 1 ಡಾಲರ್, ಮೇಲೆ 10 ಸೆಂಟ್ ಭತ್ಯೆ. ಸಾರ್ಜೆಂಟ್‌ಗೆ ಎಲ್ಲ ಸೇರಿ ಒಂದೂವರೆ ಡಾಲರ್. ಲೆಫ್ಟಿನೆಂಟ್‌ಗೆ 2.60. ಲೆಫ್ಟಿನೆಂಟ್ ಕರ್ನಲ್‌ಗೆ 6.25. ಬ್ರಿಟಿಷ್ ಸಿಪಾಯಿಗೆ ದಿನಕ್ಕೆ 1 ಶಿಲ್ಲಿಂಗ್ ಸಿಗ್ತಿದ್ದ ಕಾಲ ಅದು. ಕೆನಡಾದವನಿಗೆ ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ. ಆದರೆ ಆಫೀಸರ್ ಆದವನಿಗೆ ಮೆಸ್ ಖರ್ಚು ಅಂತ ಹೊಸದೊಂದು ಶುರುವಾಗುತ್ತೆ. ಕೈಲಿ ಉಳಿಯೋದು ಅಷ್ಟಕ್ಕಷ್ಟೇ.

ಟೀಚರ್ ಹೇಳಿದ್ದನ್ನು ಒಪ್ಪುತ್ತೇನೆ. ಒಂದು ಮಾತು ಮಾತ್ರ ಬಾಕಿ ಇದೆ. ಪರ್ಕ್ಸ್ ಕೂಲಿಕಾರನ ಮಗ ಅಲ್ಲ. ಒಳ್ಳೆಯ ಇಂಗ್ಲಿಷ್ ಶಾಲೆಯಲ್ಲಿ ಓದಿದವನು. ಬಾಯಿ ತೆಗೆದರೆ ಅಧಿಕಾರಿಗಳ ಹಾಗೇ ಮಾತಾಡುತ್ತಿದ್ದಿರಬೇಕು. ಸಿಪಾಯಿಗಳ ಸಾಲಿನಲ್ಲಿ ಅಂಥವನು ಕಂಡರೆ ಮೇಲಿನವರ ಕಣ್ಣು ಬೀಳದೇ ಇರುತ್ತಾ? ಅದೇ ಧೈರ್ಯ, ಅದೇ ಬುದ್ಧಿ ಬೇರೆ ಬಣ್ಣದವನಲ್ಲಿ ಇದ್ದಿದ್ದರೆ?

ಫ್ರಾನ್ಸಿಸ್ ಪೆಗಾಮಗಬೋ ಹೆಸರು ಕೇಳಿದ್ದೀರಾ? ಒಂಟಾರಿಯೊದ ಪ್ಯಾರಿ ದ್ವೀಪದ ಒಜಿಬ್ವೆ ಬುಡಕಟ್ಟಿನವನು. 1914ರ ಆಗಸ್ಟ್‌ನಲ್ಲೇ ಸೇರಿದ, 1ನೇ ಬೆಟಾಲಿಯನ್. ಸ್ಕೌಟ್ ಮತ್ತು ಸ್ನೈಪರ್. ಮಿಲಿಟರಿ ಮೆಡಲ್ ಒಂದಲ್ಲ, ಮೂರು ಸಲ ಬಂತು. ಹಾಗೆ ಮೂರು ಸಲ ಪಡೆದ ಕೆನಡಿಯನ್ನರು ನಲವತ್ತು ಜನರೂ ಇಲ್ಲ. 378 ಜನರನ್ನು ಕೊಂದ ಅಂತ ಅವನ ಹೆಸರಲ್ಲಿ ಲೆಕ್ಕ ಹೇಳ್ತಾರೆ. ಅಧಿಕಾರಿ ಆಗಲಿಲ್ಲ. ಊರಿಗೆ ಬಂದ ಮೇಲೆ ಮುಖಂಡನಾದ, ಆದರೂ ಸಣ್ಣಪುಟ್ಟ ವಿಷಯಕ್ಕೂ ಮೂಲನಿವಾಸಿಗಳ ಮೇಲೆ ಸರ್ಕಾರ ಇಟ್ಟಿದ್ದ ಅಧಿಕಾರಿ, ಅಂದರೆ "ಇಂಡಿಯನ್ ಏಜೆಂಟ್" ಹತ್ತಿರ ಕೈಯೊಡ್ಡಬೇಕಿತ್ತು. ಮೂಲನಿವಾಸಿಗಳಿಗೆ ತಮ್ಮ ಹಕ್ಕುಗಳನ್ನು ಬಿಟ್ಟುಕೊಡದೆ ಕೆನಡಾ ಚುನಾವಣೆಯಲ್ಲಿ ಮತ ಹಾಕೋಕೆ ಆಗಿದ್ದು 1960ರಲ್ಲಿ. ಅವನು 1952ರಲ್ಲೇ ತೀರಿಕೊಂಡಿದ್ದ.

ಗದಗ ಟೀಚರ್

ಅನ್ಯಾಯ ಆಗಿದ್ದು ನಿಜ. ಆದರೆ ಬಾಗಿಲು ಪೂರ್ತಿ ಮುಚ್ಚಿತ್ತು ಅನ್ನೋದು ಸರಿ ಅಲ್ಲ. ಒಂಟಾರಿಯೊದ ಸಿಕ್ಸ್ ನೇಷನ್ಸ್ ಮೂಲನಿವಾಸಿ ಸಮುದಾಯದ ಕ್ಯಾಮರನ್ ಬ್ರಾಂಟ್ 1915ರ ಏಪ್ರಿಲ್‌ನಲ್ಲಿ ಈಪ್ರ್‌ನಲ್ಲಿ ಲೆಫ್ಟಿನೆಂಟ್ ಆಗಿ ಜನರನ್ನು ನಡೆಸುತ್ತಲೇ ಸತ್ತ. ಅಲ್ಲಿಯವನೇ ಆದ ಆಲಿವರ್ ಮಾರ್ಟಿನ್, ಮೋಹಾಕ್, ಎರಡನೇ ಮಹಾಯುದ್ಧದಲ್ಲಿ ಬ್ರಿಗೇಡಿಯರ್ ತನಕ ಹೋದ. ಪೆಗಾಮಗಬೋ ಮೇಲೆ ಬರದೇ ಇದ್ದಿದ್ದಕ್ಕೆ ಬಣ್ಣದ ಜೊತೆಗೆ ಕೆಲಸವೂ ಕಾರಣ ಇರಬಹುದು. ಸ್ನೈಪರ್ ಒಬ್ಬನೇ ತೆವಳಿಕೊಂಡು ಹೋಗುವವನು. ಅವನ ಹಿಂದೆ ಪ್ಲಟೂನ್ ಇರಲ್ಲ.

ಮಂಗಳೂರು ಮೇಲ್

ಟೀಚರ್, ಎರಡು ಹೆಸರು ಕೊಟ್ಟಿರಿ. ಮೂಲನಿವಾಸಿಗಳಲ್ಲಿ ಯುದ್ಧಕ್ಕೆ ಹೋದವರು ನಾಲ್ಕು ಸಾವಿರದಷ್ಟು. ಬಾಗಿಲು ಮುಚ್ಚಿರಲಿಲ್ಲ, ಒಪ್ಪೋಣ. ಒಬ್ಬೊಬ್ಬರೇ ಅಡ್ಡ ತಿರುಗಿ ನುಸುಳುವಷ್ಟು ತೆರೆದಿತ್ತು ಅಷ್ಟೇ.

ಕಾವೇರಿತೀರ

ಬಾಗಿಲ ಮಾತು ಬಂತಲ್ಲ, ನಮ್ಮವರ ಕಥೆಯನ್ನೂ ಹೇಳಬೇಕು. ಯಾಕೆಂದರೆ ಅದೇ ಈಪ್ರ್‌ನಲ್ಲಿ, 1915ರ ಏಪ್ರಿಲ್‌ನಲ್ಲಿ ಕೆನಡಿಯನ್ನರು ವಿಷಾನಿಲಕ್ಕೆ ಸಿಕ್ಕಿದ್ದಾಗ, ಭಾರತದ ಲಾಹೋರ್ ಡಿವಿಷನ್ ಅಲ್ಲಿಗೇ ಬಂದು ದಾಳಿ ಮಾಡಿತು. ಏಪ್ರಿಲ್ 26ರಂದು ಜಮಾದಾರ್ ಮೀರ್ ದಸ್ತ್ ಬ್ರಿಟಿಷ್ ಮತ್ತು ಭಾರತೀಯ ಅಧಿಕಾರಿಗಳು ಸೇರಿ ಎಂಟು ಜನರನ್ನು ಗುಂಡಿನ ಮಳೆಯಲ್ಲಿ ಹೊತ್ತು ತರೋಕೆ ನೆರವಾದ. ವಿಕ್ಟೋರಿಯಾ ಕ್ರಾಸ್ ಸಿಕ್ಕಿತು, ಸುಬೇದಾರ್ ಆದ.

ಅಲ್ಲಿಂದ ಮೇಲೆ? ಸುಬೇದಾರ್ ಮೇಜರ್. ಮುಗೀತು. ಮೂವತ್ತು ವರ್ಷ ಸೇವೆ ಮಾಡಿದ ಸುಬೇದಾರ್ ಮೇಜರ್ ಕೂಡ ನಿನ್ನೆ ಮೊನ್ನೆ ಬಂದ ಬ್ರಿಟಿಷ್ ಲೆಫ್ಟಿನೆಂಟ್‌ಗಿಂತ ಕೆಳಗೆ. ಅದೇ ಕೆಸರಿನಲ್ಲಿ ಆಲ್ಬರ್ಟಾದ ರೈತ ಕರ್ನಲ್ ಆಗಬಹುದಿತ್ತು, ಪಂಜಾಬಿನ ರೈತ ಆಗುವ ಹಾಗಿರಲಿಲ್ಲ. ಭಾರತೀಯರಿಗೆ ಕಿಂಗ್ಸ್ ಕಮಿಷನ್, ಅಂದರೆ ಬ್ರಿಟಿಷ್ ಅಧಿಕಾರಿಗಳಿಗೆ ಸಮನಾದ ಅಧಿಕಾರಿ ಪದವಿ, ಕೊಡೋಣ ಅಂತ ತೀರ್ಮಾನ ಆಗಿದ್ದೇ 1917ರಲ್ಲಿ. ನಮ್ಮ ಕೊಡಗಿನ ಕಾರ್ಯಪ್ಪ ಅವರು ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು 1919ರ ಡಿಸೆಂಬರ್‌ನಲ್ಲಿ ಅಧಿಕಾರಿಯಾದರು. ಅಷ್ಟೊತ್ತಿಗೆ ಯುದ್ಧ ಮುಗಿದು ವರ್ಷದ ಮೇಲಾಗಿತ್ತು. ಅವರೂ ಸಿಪಾಯಿಯಿಂದ ಮೇಲೆ ಬಂದವರಲ್ಲ, ನೇರವಾಗಿ ಕೆಡೆಟ್.

ಕೆನಡಾ ಸೇನೆಯಲ್ಲೇ ಕೆಲವು ಸಿಖ್ಖರೂ ಇದ್ದರು. ಬಕಮ್ ಸಿಂಗ್ 20ನೇ ಬೆಟಾಲಿಯನ್ನಿನಲ್ಲಿ ಸಿಪಾಯಿ. 1916ರಲ್ಲಿ ಎರಡು ಸಲ ಗಾಯಗೊಂಡ. 1919ರಲ್ಲಿ ಒಂಟಾರಿಯೊದ ಕಿಚನರ್ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಸಿಪಾಯಿಯಾಗಿಯೇ.

ಬೆಳಗಾವಿ ಹವಾಲ್ದಾರ್

ಕಾವೇರಿತೀರ ಅವರ ಮಾತಿಗೆ ನನ್ನ ಬಳಿ ಎದುರುತ್ತರ ಇಲ್ಲ.

ಸ್ವಲ್ಪ ಹಗುರ ಮಾಡೋಣ. ಬಡ್ತಿ ಬೇಡ ಅಂದವರೂ ಇರ್ತಾರೆ. ಎರಡನೇ ಮಹಾಯುದ್ಧದಲ್ಲಿ ಸೀಫೋರ್ತ್ ಹೈಲ್ಯಾಂಡರ್ಸ್ ಆಫ್ ಕೆನಡಾದ ಅರ್ನೆಸ್ಟ್ ಸ್ಮಿತ್, ಎಲ್ಲರ ಬಾಯಲ್ಲಿ ಸ್ಮೋಕಿ ಸ್ಮಿತ್. ಒಂಬತ್ತು ಸಲ ಕಾರ್ಪೊರಲ್ ಮಾಡಿದರಂತೆ. ಒಂಬತ್ತು ಸಲವೂ ಪಟ್ಟಿ ಕಿತ್ತುಕೊಂಡು ಸಿಪಾಯಿ ಮಾಡಿದರಂತೆ. 1944ರ ಅಕ್ಟೋಬರ್ 21ರ ರಾತ್ರಿ ಇಟಲಿಯ ಸಾವಿಯೋ ನದಿಯ ಹತ್ತಿರ ಇದೇ ಮಹಾಶಯರು ಭುಜದ ಮೇಲಿಟ್ಟು ಹೊಡೆಯುವ ಪಿಯಾಟ್ ಅನ್ನೋ ಟ್ಯಾಂಕ್ ನಿರೋಧಕ ಅಸ್ತ್ರದಿಂದ ಮೂವತ್ತಡಿ ದೂರದಲ್ಲಿ ಜರ್ಮನ್ ಪ್ಯಾಂಥರ್ ಟ್ಯಾಂಕ್ ನಿಲ್ಲಿಸಿದರು. ಪಕ್ಕದಲ್ಲಿ ಗಾಯಗೊಂಡು ಬಿದ್ದಿದ್ದ ಜೊತೆಗಾರನನ್ನು ಬಿಟ್ಟು ಹೋಗಲಿಲ್ಲ. ಆ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಕೆನಡಾದ ಸಾದಾ ಸಿಪಾಯಿ ಅವರೊಬ್ಬರೇ. 2005ರಲ್ಲಿ ತೀರಿಕೊಂಡಾಗ ಪಾರ್ಥಿವ ಶರೀರವನ್ನು ಸಂಸತ್ ಭವನದಲ್ಲಿ ಇಟ್ಟಿದ್ದರು.

ಇಂಥವನು ಪ್ರತಿ ಕಂಪನಿಯಲ್ಲೂ ಒಬ್ಬ ಇರ್ತಾನೆ. ನಮ್ಮಲ್ಲೂ ಇದ್ದ. ಕೆಲಸದಲ್ಲಿ ಹುಲಿ, ಸಂಬಳದ ದಿನ ಮಾತ್ರ ಅವನನ್ನು ಹುಡುಕೋಕೆ ಇಬ್ಬರನ್ನು ಕಳಿಸಬೇಕಿತ್ತು.

ಹಳೇಪುಟ

ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟೆಲ್ಲ ಬಂತು. ಮೇಲ್ ಅವರ "ಖಾಲಿ ಕುರ್ಚಿ" ವಾದಕ್ಕೆ ಒಂದು ವಿಷಯ ಸೇರಿಸುತ್ತೇನೆ. ಪರ್ಕ್ಸ್‌ಗೆ ಸಿಕ್ಕಿದ್ದು 116ನೇ ಬೆಟಾಲಿಯನ್. ಆ ಕುರ್ಚಿ ಯಾಕೆ ಖಾಲಿ ಆಯಿತು ಅಂತ ನೋಡಿದರೆ ಗುಂಡೇಟಿನಿಂದಲ್ಲ.

ಅದನ್ನು ಕಟ್ಟಿದವರು ಸ್ಯಾಮ್ ಶಾರ್ಪ್, ಒಂಟಾರಿಯೊದ ಸಂಸದ. ತಮ್ಮ ಕ್ಷೇತ್ರದ ಹುಡುಗರನ್ನೇ ಸೇರಿಸಿ ಬೆಟಾಲಿಯನ್ ಮಾಡಿ ತಾವೇ ಕರೆದುಕೊಂಡು ಹೋದರು. ಸತ್ತ ಹುಡುಗರ ಅಪ್ಪ ಅಮ್ಮಂದಿರೆಲ್ಲ ಅವರಿಗೆ ಮತ ಹಾಕಿದವರು. ರಣರಂಗದಲ್ಲಿ ಇದ್ದಾಗಲೇ 1917ರ ಡಿಸೆಂಬರ್ ಚುನಾವಣೆಯಲ್ಲಿ ಮತ್ತೆ ಗೆದ್ದರು. ಆದರೆ ಮನಸ್ಸು ಮುರಿದಿತ್ತು. ಆಸ್ಪತ್ರೆ ಸೇರಿ, ಊರಿಗೆ ಮರಳುವ ದಾರಿಯಲ್ಲಿ 1918ರ ಮೇನಲ್ಲಿ ಮಾಂಟ್ರಿಯಲ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಪರ್ಕ್ಸ್ ಆ ಊರಿನವನಲ್ಲ, ಆ ಹುಡುಗರ ಮನೆಯವರ ಪರಿಚಯವೂ ಇಲ್ಲ. ಆ ಜಾಗಕ್ಕೆ ಅದು ಒಳ್ಳೇದಾಯಿತಾ ಕೆಟ್ಟದ್ದಾಯಿತಾ ಹೇಳೋದು ಕಷ್ಟ. 1918ರ ಆಗಸ್ಟ್ 8ರಂದು ಫ್ರಾನ್ಸಿನ ಆಮಿಯೆಂ ದಾಳಿಯಲ್ಲಿ 116 ಚೆನ್ನಾಗಿಯೇ ಕೆಲಸ ಮಾಡಿತು. ಸೆಪ್ಟೆಂಬರ್‌ನಲ್ಲಿ ಗೆಮಾಪ್ ಊರಿನಲ್ಲಿ ಶೆಲ್ ಚೂರು ತಗುಲಿ ಪರ್ಕ್ಸ್ ಸಾಯುವ ಸ್ಥಿತಿಗೆ ಹೋದ. ಅದು ಅವನ ಐದನೇ ಗಾಯ. ಬದುಕಿ ಸೇನೆಯಲ್ಲೇ ಉಳಿದ.

ಮುಂದಿನದ್ದು ಬೇಗ ಹೇಳಿಬಿಡ್ತೀನಿ. ಎರಡನೇ ಯುದ್ಧದಲ್ಲಿ ಜನರಲ್, 1945ರಲ್ಲಿ ಸಂಸದ, 1957ರಲ್ಲಿ ರಕ್ಷಣಾ ಮಂತ್ರಿ, 1960ರಿಂದ 68ರವರೆಗೆ ಬ್ರಿಟಿಷ್ ಕೊಲಂಬಿಯಾದ ಲೆಫ್ಟಿನೆಂಟ್ ಗವರ್ನರ್. 1984ರಲ್ಲಿ ತೀರಿಕೊಂಡಾಗ 96 ವರ್ಷ.

ಪ್ರಶ್ನೆಪತ್ರಿಕೆ

ರಕ್ಷಣಾ ಮಂತ್ರಿ 1957 ಅಂದ್ರೆ ಕೆನಡಾದ ಆವ್ರೋ ಆರೋ ಯುದ್ಧವಿಮಾನ ಯೋಜನೆ ನಿಲ್ಲಿಸಿದ್ದು ಇವರ ಕಾಲದಲ್ಲೇನಾ?

ಹಳೇಪುಟ

ಹೌದು, 1959ರ ಫೆಬ್ರವರಿ 20. ಕೆನಡಾದಲ್ಲಿ ಈಗಲೂ ಅದರ ಬಗ್ಗೆ ಜಗಳ ಆಡ್ತಾರೆ. ಇಲ್ಲಿ ಶುರು ಮಾಡಬೇಡಿ, ಬೇರೆ ಚರ್ಚೆ ತೆರೆಯಿರಿ, ನಾನೂ ಬರ್ತೀನಿ.